ಏಕವಚನದ ಗೆಳೆಯರು

ಬಂಗಾರಪೇಟೆ ಜಂಕ್ಷನ್. ಭಾನುವಾರದ ಬೆಳಿಗ್ಗೆ. ಬೆಂಗಳೂರಿನ ಕಡೆಯಿಂದ ಬಂದ ರೈಲಿನಿಂದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮಗಳ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಇಸ್ತ್ರಿ ಮಾಡಿದ ಶರಟು, ಕನ್ನಡಕ, ಕೈಯಲ್ಲಿ ಊರುಗೋಲು. ನೋಡಿದೊಡನೆ ಯಾರಾದರೂ ಎದ್ದು ಜಾಗ ಬಿಡುವಂಥ ವ್ಯಕ್ತಿ. ಅಷ್ಟರಲ್ಲಿ ಸಿಮೆಂಟ್ ಬೆಂಚಿನ ಕಡೆಯಿಂದ ಒಂದು ದನಿ ಬಂತು: 'ಲೇ ಗುಂಡಾ, ಅಲ್ಲೇ ನಿಂತ್ಕೋ, ಓಡಿಗೀಡಿ ಬಿದ್ದೀಯ!'

ಮಗಳು ಬೆಚ್ಚಿ ತಿರುಗಿದರು. ಅವರ ತಂದೆಯನ್ನು ಹಾಗೆ ಕೂಗಿದವರನ್ನು ಆಕೆ ಹಿಂದೆಂದೂ ಕಂಡಿರಲಾರರು. ಹಿರಿಯರ ಮುಖ ಮಾತ್ರ ಅರಳಿತು. 'ಯಾರಪ್ಪಾ ಇವರು?' ಎಂದು ಮಗಳು ಕೇಳಿದ್ದಕ್ಕೆ, 'ಇವನಾ? ಮೂರನೇ ಕ್ಲಾಸಿನಲ್ಲಿ ನನ್ನ ಸ್ಲೇಟು ಒಡೆದವನು' ಎಂದರು. ಪಂಚೆಯುಟ್ಟ ಇನ್ನೊಬ್ಬರು ಎದ್ದು ಬಂದು, 'ಇನ್ನೂ ಅದನ್ನೇ ಹೇಳ್ತೀಯೇನೋ?' ಎಂದರು. ಆಮೇಲಿನ ಮಾತೆಲ್ಲ ಅರ್ಧ ತಮಿಳು, ಕಾಲುಭಾಗ ಕನ್ನಡ, ಉಳಿದದ್ದು ತೆಲುಗು. ಪಕ್ಕದಲ್ಲಿದ್ದ ನನಗೆ ಎಲ್ಲವೂ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಕನ್ನಡದಲ್ಲಿ 'ನೀನು' ಮತ್ತು 'ನೀವು' ಎಂಬ ಎರಡು ಪದಗಳ ನಡುವೆ ಒಬ್ಬ ಮನುಷ್ಯನ ಇಡೀ ಆಯುಸ್ಸು ಅಡಗಿದೆ. ಹುಟ್ಟಿದಾಗ ಜಗತ್ತೆಲ್ಲ ನಮ್ಮನ್ನು 'ನೀನು' ಎನ್ನುತ್ತದೆ. ಓದು, ಕೆಲಸ, ಮದುವೆ, ಮಕ್ಕಳು ಎಂದು ಹೋದಂತೆ 'ನೀವು' ಎನ್ನುವವರು ಹೆಚ್ಚುತ್ತಾರೆ. ಅದನ್ನು ನಾವು ಏಳಿಗೆ ಎಂದೇ ಎಣಿಸುತ್ತೇವೆ. ಇನ್ನೊಂದು ಲೆಕ್ಕವನ್ನು ಮಾತ್ರ ಯಾರೂ ಇಡುವುದಿಲ್ಲ. 'ಬಾರೋ' ಎನ್ನುತ್ತಿದ್ದ ತಾಯಿ ಹೋಗುತ್ತಾರೆ, ಸೋದರಮಾವ ಹೋಗುತ್ತಾರೆ, ಹಿರಿಯಣ್ಣ ಹೋಗುತ್ತಾನೆ. ಅರವತ್ತೈದು, ಎಪ್ಪತ್ತರ ಹೊತ್ತಿಗೆ ನಮ್ಮನ್ನು ಏಕವಚನದಲ್ಲಿ ಕರೆಯುವ ಹಕ್ಕು ಉಳ್ಳವರು ಬೆರಳೆಣಿಕೆಗೆ ಬಂದಿರುತ್ತಾರೆ. ಆಗ ಉಳಿಯುವವರೆಂದರೆ ಜೊತೆಯಲ್ಲಿ ಗೋಲಿ ಆಡಿದವರು. ನಮ್ಮ ಕಡೆಯ ಮಾತಿನಲ್ಲಿ 'ಚಡ್ಡಿ ದೋಸ್ತು'ಗಳು. ತಮಿಳಿನ 'ಡಾ', ತೆಲುಗಿನ 'ರಾ', ಕನ್ನಡದ 'ಲೋ' ಮೂರೂ ಒಂದೇ ಕೆಲಸ ಮಾಡುತ್ತವೆ. ಈ ಮೂರೂ ಒಂದೇ ಬೀದಿಯಲ್ಲಿ ಕೇಳಿಸುತ್ತಿದ್ದ ಊರು ಕೋಲಾರದ ಚಿನ್ನದ ಗಣಿ, ಎಲ್ಲರ ಬಾಯಲ್ಲಿ ಕೆಜಿಎಫ್.

ಬಂಗಾರಪೇಟೆಯೇ ಭೇಟಿಯ ಜಾಗವಾಗಲು ಕಾರಣವುಂಟು. ಬೆಂಗಳೂರು-ಜೋಲಾರಪೇಟೆ ಮಾರ್ಗ 1864ರಲ್ಲಿ ಬಂತು. ಆಗಿನ ಮೈಸೂರಿನ ಕಮಿಷನರ್ ಲೂಯಿನ್ ಬೌರಿಂಗ್ ಹೆಸರಿನಲ್ಲಿ ಈ ಊರು ಬೌರಿಂಗ್‌ಪೇಟೆ ಎನಿಸಿಕೊಂಡಿತು. ನಮ್ಮ ನಾಲಿಗೆಗೆ ಬಂಗಾರಪೇಟೆಯೇ ಒಗ್ಗಿತು. 1894ರಲ್ಲಿ ಇಲ್ಲಿಂದ ಗಣಿಗಳ ಕಡೆಗೆ ಹತ್ತು ಮೈಲಿಯಷ್ಟು ಕವಲು ಹಳಿ ಹಾಕಿದರು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಆಚೆಗೆ ಹಳಿಯಿಲ್ಲ. ಗಣಿಗೆ ಕೆಲಸ ಹುಡುಕಿ ಬಂದವರೂ ಗಣಿಯನ್ನು ಬಿಟ್ಟು ಹೋದವರೂ ಬಂಗಾರಪೇಟೆಯನ್ನು ಹಾಯದೆ ವಿಧಿಯಿರಲಿಲ್ಲ. ಇಂದು ಈ ಊರಿನ ಹೆಸರು ಬೇರೆ ಊರುಗಳ ಬೀದಿಯಲ್ಲೂ ಕಾಣುವುದು ನೀರಿನಂತೆ ತಿಳಿಯಾದ ಪಾನಿಯ ಪಾನಿಪುರಿಯಿಂದ. ಹಳಬರಿಗೆ ಮಾತ್ರ ಇದು ಬೀಳ್ಕೊಟ್ಟ ಜಾಗ.

ಗಣಿಯ ಕಥೆ ಹಲವರಿಗೆ ಗೊತ್ತಿರುವುದೇ. ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಮಾರಿಕುಪ್ಪಂ ಸುತ್ತ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಕಂಡು ಬರೆದಿಟ್ಟ. ನಿವೃತ್ತ ಸೈನಿಕ ಮೈಕೆಲ್ ಲವೆಲ್ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ನಿಜವಾದ ಗಣಿಗಾರಿಕೆ ಶುರುವಾಯಿತು. ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು 1902ರಲ್ಲಿ ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ಅದು ತಲುಪಿದ್ದು ಮೂರು ವರ್ಷ ತಡವಾಗಿ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಲ್ಲಿನ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕು. 1965ರಲ್ಲಿ ಆ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಹಿಡಿದದ್ದೂ ಉಂಟು.

ಇದಕ್ಕೂ ಗೆಳೆತನಕ್ಕೂ ಏನು ಸಂಬಂಧ? ಬಹಳ ಇದೆ. ಸಾಧಾರಣ ಹಳ್ಳಿಯಲ್ಲಿ ಹುಡುಗನಿಗೆ ಗೆಳೆಯರು ಸಿಗುವುದು ಮೊದಲು ಕೇರಿಯಿಂದ, ನೆಂಟರಿಂದ, ಹೊಲದ ಬದುವಿನಿಂದ. ಗಣಿಯ ಊರಿನಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರು. ಉತ್ತರ ಆರ್ಕಾಟಿನಿಂದ ಬಂದ ದಲಿತ ಕುಟುಂಬಗಳೇ ಹೆಚ್ಚು. ಚಿತ್ತೂರು ಕಡೆಯ ತೆಲುಗರು, ಅಂಗಡಿ-ಕಚೇರಿಗಳಲ್ಲಿ ಕನ್ನಡಿಗರು, ಕಾವಲಿಗೆ ಬಂದ ಪಂಜಾಬಿಗಳು, ಮೇಲ್ವಿಚಾರಣೆಗೆ ಆಂಗ್ಲೋ ಇಂಡಿಯನ್ನರು, ಅವರ ಮೇಲೆ ಇಂಗ್ಲಿಷರು, ಮೊದಲ ಕಾಲದಲ್ಲಿ ಇಟಲಿಯಿಂದ ಬಂದ ಗಣಿಗರೂ ಇದ್ದರು. ಕಳೆದ ಶತಮಾನದ ಆರಂಭದಲ್ಲಿ ದುಡಿಯುತ್ತಿದ್ದವರೇ ಮೂವತ್ತು ಸಾವಿರದ ಆಸುಪಾಸು. ಇಷ್ಟು ಬಗೆಯ ಜನಕ್ಕೆ ಹೊತ್ತು ಹೇಳುತ್ತಿದ್ದುದು ಒಂದೇ ಸೈರನ್. ಆ ಕೂಗಿಗೆ ಅಪ್ಪಂದಿರು ಕೆಳಗಿಳಿಯುತ್ತಿದ್ದರು, ಅದೇ ಕೂಗಿಗೆ ಮಕ್ಕಳು ಶಾಲೆಗೆ ಎದ್ದು ಹೊರಡುತ್ತಿದ್ದರು. ರಾತ್ರಿ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗುತ್ತಿದ್ದವು. ಯಾರ ಅಪ್ಪ ಯಾವ ಪಾಳಿಯಲ್ಲಿದ್ದಾನೆ ಎಂಬುದು ಆಗ ಓಣಿಯ ಎಲ್ಲ ಮಕ್ಕಳಿಗೂ ತಟ್ಟನೆ ನೆನಪಾಗುತ್ತಿತ್ತು. ಒಟ್ಟಿಗೆ ಹೆದರಿದ ಮಕ್ಕಳ ಸ್ನೇಹ, ಒಟ್ಟಿಗೆ ಆಡಿದವರ ಸ್ನೇಹಕ್ಕಿಂತ ಗಟ್ಟಿ ಎಂದು ನನಗನ್ನಿಸುತ್ತದೆ.

ಆದರೆ ಇದನ್ನು ಸಮಾನತೆಯ ಊರು ಎಂದು ಚಿತ್ರಿಸಿದರೆ ತಪ್ಪಾದೀತು. ಗುಡ್ಡದ ಮೇಲೆ ಹೂದೋಟದ ಬಂಗಲೆಗಳು ಮತ್ತು ಕ್ಲಬ್ಬು, ಕೆಳಗೆ ಸಾಲುಸಾಲು ಒಂಟಿ ಕೋಣೆಯ 'ಲೈನ್' ಮನೆಗಳು. ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡಲು ಕಂಪನಿ ಹೊರಟಾಗ 1930ರಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಕಳ್ಳರನ್ನು ಕಂಡಂತೆ ಕಾಣುತ್ತಾರೆಂಬುದು ಅವರ ನೋವು. ಲೈನುಗಳ ಜನ ಸುಮ್ಮನೆ ಕುಳಿತಿರಲಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ, ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ನೆಲೆಗೊಂಡದ್ದು. ಗಣಿಯನ್ನು ಮೈಸೂರು ಸರ್ಕಾರ 1956ರಲ್ಲಿ ವಹಿಸಿಕೊಂಡ ಮೇಲೆ, ಮತ್ತು 1962ರಲ್ಲಿ ಅದು ಕೇಂದ್ರದ ಕೈಗೆ ಹೋದ ಮೇಲೆ, ಬೇಲಿಗಳು ಸಡಿಲವಾದವು. ಇಂದು ಎಪ್ಪತ್ತರ ಆಸುಪಾಸಿನಲ್ಲಿರುವವರು ಆ ಸಡಿಲವಾದ ಕಾಲದ ಮಕ್ಕಳು. ಗುಮಾಸ್ತರ ಮಗ, ಗಣಿಗನ ಮಗ, ಫೋರ್‌ಮನ್ನನ ಮಗ ಒಂದೇ ಬೆಂಚಿನಲ್ಲಿ ಕುಳಿತು, ಸೈನೈಡ್ ದಿಬ್ಬದ ಬೂದುಬಣ್ಣದ ಇಳಿಜಾರಿನಲ್ಲಿ ಒಟ್ಟಿಗೆ ಜಾರಿ, ಮನೆಯಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಏಟು ತಿಂದವರು.

ಊರು ಚದುರಿದ್ದು ಒಂದೇ ದಿನದಲ್ಲಲ್ಲ. ಸ್ವಾತಂತ್ರ್ಯದ ನಂತರ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೆ, ಮುಂದೆ ಆಸ್ಟ್ರೇಲಿಯಾಕ್ಕೆ ಹೊರಟವು. 1964ರಲ್ಲಿ ಬೆಮಲ್ ಕಾರ್ಖಾನೆ ಬಂದು ಕೆಲವರನ್ನು ಇಲ್ಲೇ ನಿಲ್ಲಿಸಿತು. ಓದಿದವರು ಬೆಂಗಳೂರಿಗೆ, ಮದರಾಸಿಗೆ ಹೋದರು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ ಬಂತು, ಆಳ ಹೆಚ್ಚಿದಂತೆ ಖರ್ಚು ಏರಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರು ಪಡೆದ ಸಂಸ್ಥೆ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ನೀರೆತ್ತುವ ಪಂಪುಗಳು ನಿಂತವು, ಸುರಂಗಗಳು ತುಂಬಿಕೊಂಡವು. ಆಮೇಲೆ ಊರೇ ರೈಲು ಹತ್ತಿತು ಎನ್ನಬಹುದು. ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ಹೊರಟು ಬೆಂಗಳೂರಿನಲ್ಲಿ ದುಡಿದು ರಾತ್ರಿ ಮರಳುವ ಸಾವಿರಾರು ಜನರನ್ನು ಆ ಗಾಡಿಗಳಲ್ಲಿ ಇಂದಿಗೂ ಕಾಣಬಹುದು. ಕೆಜಿಎಫ್ ಹೆಸರಿನ ಸಿನಿಮಾ 2018ರಲ್ಲಿ ಬಂದು ದೇಶವೆಲ್ಲ ಆ ಮೂರಕ್ಷರ ಕೇಳಿತು. ಅದರಲ್ಲಿ ತಮ್ಮ ಊರನ್ನು ಹುಡುಕಿದ ಹಿರಿಯರಿಗೆ ಸೈನೈಡ್ ದಿಬ್ಬದ ಬಣ್ಣವೊಂದು ಗುರುತು ಸಿಕ್ಕಿರಬಹುದು.

ಇಷ್ಟು ವರ್ಷ ದೂರವಿದ್ದವರು ಮುಪ್ಪಿನಲ್ಲೇ ಏಕೆ ಒಬ್ಬರನ್ನೊಬ್ಬರು ಹುಡುಕುತ್ತಾರೆ? ಬಿಡುವು ಸಿಗುತ್ತದೆ, ಮೊಬೈಲು ಬಂದಿದೆ ಎಂಬ ಉತ್ತರ ಸುಲಭ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ 1990ರ ದಶಕದಿಂದ ಬೇರೊಂದು ವಿವರಣೆ ಕೊಡುತ್ತ ಬಂದಿದ್ದಾರೆ. ಮುಂದಿರುವ ಕಾಲ ಕಡಿಮೆ ಎಂದು ಮನಸ್ಸಿಗೆ ಗೊತ್ತಾದಾಗ ಮನುಷ್ಯ ಹೊಸ ಪರಿಚಯಗಳನ್ನು ಕೈಬಿಟ್ಟು, ಭಾವನೆಗೆ ಹತ್ತಿರವಾದ ಕೆಲವೇ ಜನರ ಕಡೆ ವಾಲುತ್ತಾನಂತೆ. ಮುದುಕರ ಬಳಗ ಕಿರಿದಾಗುವುದು ಅವರ ಕೊರತೆಯಲ್ಲ, ಆಯ್ಕೆ ಎಂಬುದು ಆಕೆಯ ವಾದ. ವಯಸ್ಸಾದವರಿಗೆ ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳೇ ದಟ್ಟವಾಗಿ ಮರಳುತ್ತವೆ ಎಂಬುದನ್ನೂ ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಬೆಳಿಗ್ಗೆ ಮಾತ್ರೆ ನುಂಗಿದ್ದು ಮರೆತು ಹೋಗಿ, ಐದನೇ ಕ್ಲಾಸಿನ ಮೇಷ್ಟರ ಕೊಡೆಯ ಹಿಡಿ ನೆನಪಿರುವುದು ಯಾವ ಮನೆಯಲ್ಲಿಲ್ಲ?

ಕೆಜಿಎಫಿನವರಿಗೆ ಇದಕ್ಕಿಂತ ಹತ್ತಿರದ ಮಾತು ಹೇಳಿದವನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್. ನೆನಪು ಒಬ್ಬನ ತಲೆಯೊಳಗಿನ ಪೆಟ್ಟಿಗೆಯಲ್ಲ, ಒಂದು ಗುಂಪು ಸೇರಿ ಎತ್ತಿ ಹಿಡಿದದ್ದು; ಗುಂಪು ಚದುರಿದರೆ ನೆನಪೂ ಕುಸಿಯುತ್ತದೆ ಎಂದು 1925ರ ತನ್ನ ಪುಸ್ತಕದಲ್ಲಿ ಆತ ವಾದಿಸಿದ. ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಲ್ಲಿ 1945ರಲ್ಲಿ ತೀರಿಕೊಂಡ. ಹಳ್ಳಿಯಲ್ಲಿ ಹುಟ್ಟಿದವನು ಮುಪ್ಪಿನಲ್ಲಿ ಊರಿಗೆ ಹೋದರೆ ಕೆರೆ, ಗುಡಿ, ಅರಳಿಕಟ್ಟೆಯಾದರೂ ಅವನ ಪರವಾಗಿ ಸಾಕ್ಷಿ ಹೇಳುತ್ತವೆ. ಗಣಿಯ ಊರಿನವನಿಗೆ ಆ ಸಾಕ್ಷಿಗಳು ಒಂದೊಂದಾಗಿ ಬಿದ್ದಿವೆ. ಕಂಪನಿಯ ಕಟ್ಟಡಗಳು ಮುರಿದವು, ಉಕ್ಕಿನ ಗೋಪುರಗಳ ಗಾಲಿಗಳು ನಿಂತವು, ಸೈರನ್ ಸುಮ್ಮನಾಯಿತು. ಹಾಗಾಗಿ ಇಬ್ಬರು ಹಳೆಯ ಸಹಪಾಠಿಗಳು ಕುಳಿತು 'ಬೇಕರಿ ಎಡಕ್ಕಿತ್ತು', 'ಇಲ್ಲವೋ, ಬಲಕ್ಕೆ' ಎಂದು ಅರ್ಧ ಗಂಟೆ ಜಗಳವಾಡಿದರೆ ನಗಬೇಡಿ. ಬೇಕರಿ ಇರುವುದು ಈಗ ಅವರ ನಡುವೆ ಮಾತ್ರ. ಅಲ್ಲೇ ಬೆಳೆದ ಬ್ರಿಜೆಟ್ ವೈಟ್-ಕುಮಾರ್ 2010ರಲ್ಲಿ ಕೆಜಿಎಫಿನ ಆಂಗ್ಲೋ ಇಂಡಿಯನ್ ಬದುಕಿನ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿಸಿದ್ದಾರೆ. ಅಂಥ ಬರವಣಿಗೆ ಲೈನುಗಳ ಕಡೆಯಿಂದ ಇನ್ನಷ್ಟು ಬರಬೇಕು.

ಗೆಳೆಯರ ಮರುಭೇಟಿಗೆ ನಮ್ಮ ಜನ ಕೊಡುವ ಉದಾಹರಣೆ ಕುಚೇಲನದು. ಕುಚೇಲನ ಅವಲಕ್ಕಿ ಎಲ್ಲರ ನೆನಪಿನಲ್ಲಿದೆ. ಅವಲಕ್ಕಿಯ ಗಂಟು ಬಿಚ್ಚುವ ಮೊದಲು ಕೃಷ್ಣ ಏನು ಮಾತಾಡಿದ ಎಂಬುದು ಅಷ್ಟಾಗಿ ನೆನಪಿಲ್ಲ. ಭಾಗವತದ ದಶಮ ಸ್ಕಂಧದಲ್ಲಿ ಕೃಷ್ಣ ಮೊದಲು ಎತ್ತುವುದು ಸಾಂದೀಪನಿ ಗುರುಗಳ ಆಶ್ರಮದ ಮಾತನ್ನು: ಸೌದೆಗೆಂದು ಕಾಡಿಗೆ ಹೋಗಿ, ಮಳೆಗಾಳಿಗೆ ಸಿಕ್ಕು, ದಿಕ್ಕು ತಪ್ಪಿ, ಕೈ ಕೈ ಹಿಡಿದು ಇರುಳು ಕಳೆದ ಕಥೆ. ದ್ವಾರಕೆಯ ಒಡೆಯ ತಾನು ನಡುಗಿದ್ದ ರಾತ್ರಿಯನ್ನು ಮೊದಲು ಹೇಳಿ ಗೆಳೆಯನ ಸಂಕೋಚ ಕಳೆದ.

ಇದೇ ನಾಡಿನ ಇನ್ನೊಂದು ಕಥೆಯನ್ನು ಸಮ್ಮಿಲನದ ಆಹ್ವಾನ ಪತ್ರಿಕೆಗಳಲ್ಲಿ ಯಾರೂ ಹಾಕಿಸುವುದಿಲ್ಲ. ದ್ರೋಣನೂ ದ್ರುಪದನೂ ಭರದ್ವಾಜರ ಆಶ್ರಮದಲ್ಲಿ ಆಡಿ ಬೆಳೆದವರು. ಮಗನಿಗೆ ಹಾಲಿಗೂ ಗತಿಯಿಲ್ಲದೆ ದ್ರೋಣ ಪಾಂಚಾಲಕ್ಕೆ ಹೋದಾಗ ದ್ರುಪದನಿಗೆ ಚುಚ್ಚಿದ್ದು ಬೇಡಿಕೆಯಲ್ಲ. 'ಸಖ' ಎಂಬ ಸಂಬೋಧನೆ. ಸರಿಸಮಾನರಲ್ಲದವರ ನಡುವೆ ಎಂಥ ಸಖ್ಯ ಎಂದು ಆತ ಅವಮಾನಿಸಿ ಕಳುಹಿಸಿದ. ದ್ರೋಣ ಶಿಷ್ಯರ ಕೈಯಲ್ಲಿ ಅವನನ್ನು ಕಟ್ಟಿ ತರಿಸಿ, ಅರ್ಧ ರಾಜ್ಯ ಕಿತ್ತುಕೊಂಡು, ಈಗ ಸಮಾನರಾದೆವಲ್ಲ ಎಂದ. ಆ ಹಗೆ ಕುರುಕ್ಷೇತ್ರದವರೆಗೂ ಹೋಯಿತು. ಒಂದು ಏಕವಚನದ ಬೆಲೆ ಎಷ್ಟೆಂದು ವ್ಯಾಸರಿಗೆ ತಿಳಿದಿತ್ತು.

ರಾಜ್ಯದ ಊರೂರಲ್ಲಿ ಈಗ 'ಗುರುವಂದನೆ ಮತ್ತು ಸ್ನೇಹ ಸಮ್ಮಿಲನ'ಗಳು ನಡೆಯುತ್ತವೆ. ಎಸ್ಸೆಸ್ಸೆಲ್ಸಿ ಬ್ಯಾಚಿನ ಇಸವಿ ಹಾಕಿದ ಬ್ಯಾನರು, ಶಾಲು, ಹಾರ, ನೆನಪಿನ ಕಾಣಿಕೆ, ಮಧ್ಯಾಹ್ನ ಊಟ. ಸಂತೋಷದ ಸಂಗತಿಯೇ. ಆದರೆ ಯಾರು ಬಂದರು ಎಂಬುದರ ಜೊತೆಗೆ ಯಾರು ಬರಲಿಲ್ಲ ಎಂಬುದನ್ನೂ ನೋಡಬೇಕು. ಚಂದಾ ಎರಡು ಸಾವಿರ ಎಂದಾಗ ಲೈನಿನಲ್ಲೇ ಉಳಿದ ಗೆಳೆಯ 'ಅವತ್ತು ಮೊಮ್ಮಗಳಿಗೆ ಹುಷಾರಿರಲಿಲ್ಲ' ಎನ್ನುತ್ತಾನೆ. ಬಂದರೂ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಎಲ್ಲಕ್ಕಿಂತ ನೋವಿನ ಗಳಿಗೆ, ಒಂದೇ ಬೆಂಚಿನಲ್ಲಿ ಕೂತವನು ದೊಡ್ಡ ಹುದ್ದೆಯಿಂದ ನಿವೃತ್ತನಾದ ಗೆಳೆಯನನ್ನು ಕಂಡು ಕೈ ಮುಗಿದು 'ಚೆನ್ನಾಗಿದ್ದೀರಾ ಸಾರ್' ಎನ್ನುವುದು. ಹಾಗೆ ಕೇಳಿಸಿಕೊಂಡವರೊಬ್ಬರು ನನಗೆ ಹೇಳಿದರು: 'ಅವನು ಸಾರ್ ಅಂದಾಗ ಯಾರೋ ಸತ್ತ ಸುದ್ದಿ ಬಂದ ಹಾಗಾಯಿತು. ಹೆಗಲಿಗೆ ಒಂದು ಗುದ್ದಿದೆ. ಆಮೇಲೆ ಬಾಯಿಗೆ ಬಂದದ್ದು ಬೈದ. ನೆಮ್ಮದಿಯಾಯಿತು.' ಇಲ್ಲಿ ಮೊದಲ ಹೆಜ್ಜೆ ಇಡಬೇಕಾದವನು ಮೇಲೇರಿದವನೇ, ಕೃಷ್ಣನ ಹಾಗೆ.

ಬಾರದೆ ಉಳಿದವರಲ್ಲಿ ಇನ್ನೊಂದು ಬಗೆಯವರಿದ್ದಾರೆ. ಗಣಿಯ ಕಲ್ಲುಪುಡಿ ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರದ ಗಣಿಗಳಿಂದಲೇ, 1947ರಲ್ಲಿ. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಅದು ಕಂಡುಬಂತು. ಅಪ್ಪನ ಕೆಲಸಕ್ಕೆ ಮಗ ಸೇರುತ್ತಿದ್ದ ಊರು ಅದು. ಒಂದೇ ತರಗತಿಯಲ್ಲಿ ಓದಿ, ಕಚೇರಿಗೆ ಹೋದವನೂ ಕೇಜಿನಲ್ಲಿ ಕೆಳಗಿಳಿದವನೂ ಒಂದೇ ಪ್ರಮಾಣದಲ್ಲಿ ಎಪ್ಪತ್ತನ್ನು ಮುಟ್ಟಿರಲಾರರು. ಗುಂಪು ಫೋಟೋ ತೆಗೆದುಕೊಂಡು 'ಇವನೆಲ್ಲಿ, ಇವನೆಲ್ಲಿ' ಎಂದು ಬೆರಳಿಟ್ಟು ಹೋದಾಗ ಮೌನವಾಗುವುದು ಹೆಚ್ಚಾಗಿ ಅಂಥ ಮುಖಗಳ ಮೇಲೆ.

ಹೆಣ್ಣುಮಕ್ಕಳ ಗೆಳೆತನದ ಮಾತೇ ಬೇರೆ. ಬೀದಿ ನಲ್ಲಿಯ ಸರದಿಯಲ್ಲಿ, ಬಿಂದಿಗೆಗಳ ನಡುವೆ ಬೆಳೆದ ಸ್ನೇಹ ಅದು. ಮದುವೆಯಾಗಿ ಒಬ್ಬಳು ಆಂಬೂರಿಗೆ, ಒಬ್ಬಳು ಕುಪ್ಪಕ್ಕೆ, ಮತ್ತೊಬ್ಬಳು ಬೆಂಗಳೂರಿನ ಯಾವುದೋ ಬಡಾವಣೆಗೆ ಹೋದರೆ ಮುಗಿಯಿತು. ಗಂಡಸರಿಗೆ ಸ್ಟೇಷನ್ ಬೆಂಚಿದೆ, ಟೀ ಅಂಗಡಿಯಿದೆ. ಇವರು ಸೇರುತ್ತಿದ್ದುದು ತವರಿನ ಮದುವೆ, ಸಾವುಗಳಲ್ಲಿ ಮಾತ್ರ. ತವರಿನ ಲೈನು ಖಾಲಿಯಾದ ಮೇಲೆ ಅದೂ ಇಲ್ಲ. ವಿಳಾಸ ಹುಡುಕೋಣವೆಂದರೆ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಹೋಗಿ ಗಂಡನದು ಬಂದಿರುತ್ತದೆ. ಹೀಗಿದ್ದೂ ಕೆಲವರು ಹುಡುಕಿಕೊಂಡಿದ್ದಾರೆ. ಬೇತಮಂಗಲದ ಹತ್ತಿರದ ಬಂಗಾರು ತಿರುಪತಿಗೆ ಹೋಗುವ ನೆಪ ಹೇಳಿ ಹೊರಟು ಗೆಳತಿಯನ್ನು ಕಂಡು ಬಂದ ಅಜ್ಜಿಯೊಬ್ಬರ ಕಥೆ ಕೇಳಿದ್ದೇನೆ. ಮನೆಗೆ ಬಂದು ದೇವರ ದರ್ಶನ ಚೆನ್ನಾಗಾಯಿತು ಎಂದರಂತೆ. ಸೊಸೆ 'ಪ್ರಸಾದ ಎಲ್ಲಿ ಅತ್ತೆ' ಎಂದಾಗ ಸಿಕ್ಕಿಬಿದ್ದರು.

ಅಂದು ಬಂಗಾರಪೇಟೆಯಲ್ಲಿ ಕಂಡ ಇಬ್ಬರು ಮಾರಿಕುಪ್ಪಂ ಕಡೆಯ ರೈಲು ಹತ್ತಲಿಲ್ಲ. ಮಗಳು ಊರು ನೋಡಿ ಬರೋಣವೆಂದು ಎರಡು ಸಲ ಕೇಳಿದರು. 'ಅಲ್ಲಿ ನೋಡೋದು ಏನಿದೆಯಮ್ಮ, ಊರು ಇಲ್ಲೇ ಕೂತಿದೆಯಲ್ಲ' ಎಂದು ಪಂಚೆಯವರು ಗೆಳೆಯನ ಮಂಡಿ ತಟ್ಟಿದರು. ಹೊರಗೆ ಗಾಡಿಯವನಲ್ಲಿ ಪಾನಿಪುರಿ ತಿನ್ನುವುದೆಂದು ತೀರ್ಮಾನವಾಯಿತು. ಸಕ್ಕರೆ ಕಾಯಿಲೆಯ ಮಾತು ತೆಗೆದ ಮಗಳಿಗೆ ಇಬ್ಬರೂ ಕಿವಿಗೊಡಲಿಲ್ಲ. ಮೆಟ್ಟಿಲ ಹತ್ತಿರ ಊರುಗೋಲಿನವರು ನಿಂತು, 'ಲೋ, ಆ ಸ್ಲೇಟಿನ ದುಡ್ಡು ಇವತ್ತಾದರೂ ಕೊಡ್ತೀಯೋ ಇಲ್ಲವೋ?' ಎಂದರು. 'ಪಾನಿಪುರಿಗೆ ನಾನೇ ಕೊಡ್ತೀನಿ, ನಡಿಯೋ' ಎಂದು ಇನ್ನೊಬ್ಬರು ಜೇಬು ತಡಕಿಕೊಂಡರು.